ಕಲ್ಯಾಣದ ಶರಣರು ಮತ್ತು ನನ್ನ ಕೆಂಪು ಮಸಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಸವಕಲ್ಯಾಣದ ನಮ್ಮ ಮನೆಗೆ ಬಂದಿದ್ದ. ಹೆಸರು ಬರೆಯುವುದಿಲ್ಲ. ಅವನ ಓರಗೆಯವರು ಹಲವರು ಇದನ್ನು ಓದುತ್ತೀರಿ, ನಿಮಗೆ ತಾನಾಗಿಯೇ ಹೊಳೆದರೆ ಅದು ನನ್ನ ಕೈಯಲ್ಲಿಲ್ಲ. ಚೀಲದಲ್ಲಿ ಒಂದು ಹಸ್ತಪ್ರತಿ ತಂದಿದ್ದ, ಅರವತ್ತು ಕವಿತೆಗಳು. ಅಚ್ಚಿಗೆ ಕೊಡುವ ಮೊದಲು ನಾನೊಮ್ಮೆ ಓದಿ ಹೇಳಬೇಕೆಂಬುದು ಅವನ ಅಪೇಕ್ಷೆ. ಚಹಾ ಕುಡಿದು ಹೊರಡುವಾಗ ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತ, ನಗುನಗುತ್ತಲೇ ಒಂದು ಮಾತು ಹೇಳಿದ: "ಸರ, ಕೆಂಪ್ ಮಸಿ ಪೆನ್ನು ಹಿಡ್ಕೊಂಡೇ ಓದ್ರಿ."

ಅವನು ನಕ್ಕ. ನನಗೆ ನಗು ಬರಲಿಲ್ಲ.

1992ರ ಮಾತು. ಆಗ ನಾನು ಹುಮನಾಬಾದಿನಲ್ಲಿ ಕನ್ನಡ ಶಿಕ್ಷಕನಾಗಿದ್ದೆ. ಒಂಬತ್ತನೆಯ ತರಗತಿಗೆ 'ಮಳೆಗಾಲ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದ್ದೆ. ಈ ಹುಡುಗ ಪ್ರಬಂಧ ಬರೆಯದೆ ಪದ್ಯ ಬರೆದಿದ್ದ. ಅದೂ ಮನೆಯ ಮಾತಿನಲ್ಲಿ. 'ಮಳಿ ಬರ್ಲತ್ತದ' ಎಂದು ಅದರ ಮೊದಲು. ನಾನು ಅದನ್ನು ಐವತ್ತು ಮಕ್ಕಳ ಮುಂದೆ ಗಟ್ಟಿಯಾಗಿ, ರಾಗವೆಳೆದು ಓದಿದೆ. ತರಗತಿ ನಕ್ಕಿತು. ಪುಟದ ಮೇಲಿನಿಂದ ಕೆಳಗಿನವರೆಗೆ ಕೆಂಪು ಗೆರೆ ಎಳೆದು 'ಇದು ಕನ್ನಡವಲ್ಲ' ಎಂದು ಬರೆದು, ಮುಂದಿನ ನೋಟುಬುಕ್ಕು ತೆಗೆದುಕೊಂಡೆ. ಹದಿನೈದು ದಿನ ಕಳೆದ ಮೇಲೆ ಮನಸ್ಸಿಗೆ ಚುಚ್ಚಿ, ಅವನನ್ನು ವರಾಂಡದಲ್ಲಿ ಒಬ್ಬನನ್ನೇ ಕರೆದು ಒಂದು ಪೆನ್ನು ಕೊಟ್ಟೆ. ಏಕೆ ಕೊಟ್ಟೆನೆಂದು ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವನು ನನಗೆ ಪ್ರಶ್ನೋತ್ತರಗಳ ಹೊರತು ಬೇರೇನನ್ನೂ ಬರೆದು ತೋರಿಸಲಿಲ್ಲ.

ಇಂದು ನಾನು ಬರೆಯಹೊರಟಿರುವುದು ಕಲ್ಯಾಣದ ಇತಿಹಾಸದ ಒಂದು ಮಗ್ಗುಲನ್ನು. ಆದರೆ ಅದನ್ನು ಬರೆಯಲು ಕಾರಣ ಈ ಸಂಗತಿ. ಆದ್ದರಿಂದ ಅದನ್ನು ಮೊದಲೇ ಹೇಳಿದೆ. ಅವನಿಗೆ ತಿಳಿಸಿಯೇ ಬರೆಯುತ್ತಿದ್ದೇನೆ.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೇಗೆ ತೂಗಬೇಕು, ತೂಗಿಸಿಕೊಂಡವರು ಹೇಗೆ ನಡೆದುಕೊಳ್ಳಬೇಕು ಎಂಬುದು ನಮ್ಮ ಕಾಲದ ಹೊಸ ಪ್ರಶ್ನೆಯೇನಲ್ಲ. ನಮ್ಮ ಈ ಊರಿನಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಅದಕ್ಕೆ ಒಂದಕ್ಕಿಂತ ಹೆಚ್ಚು ರೀತಿಗಳಿದ್ದವು.

ಕಲ್ಯಾಣ ಎಂದಕೂಡಲೆ ನಮಗೆ ಶರಣರು ನೆನಪಾಗುತ್ತಾರೆ. ಆದರೆ ಅವರಿಗಿಂತ ಮೊದಲೇ ಇದು ಬರೆಯುವವರ ಊರಾಗಿತ್ತು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಇಲ್ಲಿಗೆ ತಂದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯಕ್ಕೆ ನಾನು ನಿಮ್ಮಲ್ಲಿ ಕೆಲವರನ್ನು ಪ್ರವಾಸಕ್ಕೆ ಕರೆದೊಯ್ದದ್ದು ನೆನಪಿರಬಹುದು. ಅಲ್ಲಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಈ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಎಷ್ಟು ಸುಂದರವಾಗಿ ನಿಂತಿದ್ದಾಳೆ! ಆದರೆ ಹೊಗಳಿಕೆಯನ್ನು ತಿದ್ದುವವರು ಯಾರು? ಅದಕ್ಕೆ ಅಲ್ಲಿ ಎಡೆಯಿಲ್ಲ.

ಅದೇ ಅರಸನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ 'ವಿಕ್ರಮಾಂಕದೇವಚರಿತ' ಬರೆದ. ಕಾವ್ಯದ ಆರಂಭದಲ್ಲಿಯೇ ಅವನು ದೋಷ ಹುಡುಕುವವರನ್ನು ಉದ್ಯಾನದೊಳಗೆ ಹೊಕ್ಕ ಒಂಟೆಗೆ ಹೋಲಿಸುತ್ತಾನೆ. ಅದಕ್ಕೆ ಅಲ್ಲಿಯೂ ಮುಳ್ಳೇ ಬೇಕಂತೆ. ಕವಿಗಳು ಮೊದಲೇ ಹೀಗೆ ಬೇಲಿ ಹಾಕಿಕೊಳ್ಳುವುದು ಆ ಕಾಲದ ಸಂಪ್ರದಾಯ. ಓದಿದಾಗ ನಗು ಬರುತ್ತದೆ, ಆದರೆ ಟೀಕಿಸುವವನ ಬಾಯಿ ಮುಚ್ಚಿಸುವ ಉಪಾಯವೂ ಅದರಲ್ಲಿದೆ.

ನನಗೆ ಹೆಚ್ಚು ಗೌರವವಿರುವುದು ಅದೇ ಕಾಲದ ವಿಜ್ಞಾನೇಶ್ವರನಲ್ಲಿ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರಾ' ವ್ಯಾಖ್ಯಾನವೇ ಮುಂದೆ ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಆಸ್ತಿಹಕ್ಕಿನ ಆಧಾರವಾಯಿತು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ನಗರವನ್ನು ಬಾಯಿತುಂಬ ಹೊಗಳಿದ್ದಾನೆ. ನಾನು ಹೇಳಬೇಕಾದದ್ದು ಅವನ ವಾದದ ಕ್ರಮವನ್ನು. ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆಯೋ, ವಿಭಾಗವಾದ ಮೇಲೆ ಬರುತ್ತದೆಯೋ ಎಂಬ ಪ್ರಶ್ನೆ ಬಂದಾಗ ಅವನು ತನ್ನ ಮತವನ್ನು ಮೊದಲು ಹೇಳುವುದಿಲ್ಲ. ಎದುರು ಪಕ್ಷದವರ ವಾದವನ್ನು ಅವರೇ ಮಂಡಿಸಿದರೆ ಹೇಗಿರುತ್ತದೆಯೋ ಹಾಗೆ ಮಂಡಿಸುತ್ತಾನೆ. ಆಮೇಲೆ ಒಂದೊಂದಾಗಿ ಬಿಡಿಸಿ, ಹುಟ್ಟಿನಿಂದಲೇ ಎಂಬ ನಿರ್ಣಯಕ್ಕೆ ಬರುತ್ತಾನೆ. ವಿಧವೆಯ ಆಸ್ತಿಹಕ್ಕಿನ ವಿಷಯದಲ್ಲಿ ಧಾರೇಶ್ವರನ ಮತವನ್ನು ನಿರಾಕರಿಸುವಾಗಲೂ ಇದೇ ಕ್ರಮ. ಇದಕ್ಕೆ ಪೂರ್ವಪಕ್ಷ ಎಂದು ಹೆಸರು. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದೇನೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ನಾನು ಆ ಹುಡುಗನ ಪದ್ಯದ ಕೊನೆಯ ಸಾಲಿನವರೆಗೆ ಓದಿದ್ದೆನೆ? ಇಂದಿಗೂ ಖಚಿತವಾಗಿ ಹೇಳಲಾರೆ.

ಇನ್ನು ಶರಣರಿಗೆ ಬರೋಣ. ಇಲ್ಲಿ ಇತಿಹಾಸದ ಒಂದು ಎಚ್ಚರಿಕೆ ಅಗತ್ಯ. ಅನುಭವ ಮಂಟಪದ ಸಂವಾದಗಳೆಂದು ನಾವು ಓದುವುದು ಮುಖ್ಯವಾಗಿ 'ಶೂನ್ಯಸಂಪಾದನೆ'ಯಲ್ಲಿ. ಅದು ಹನ್ನೆರಡನೆಯ ಶತಮಾನದ್ದಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಎಂಬಾತ, ಹಿಂದಿನ ಶರಣರ ವಚನಗಳನ್ನು ಆಯ್ದು, ನಡುವೆ ತನ್ನ ಗದ್ಯವನ್ನು ಹೊಂದಿಸಿ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಉತ್ತರವಾಗುವಂತೆ ನೇಯ್ದ ಗ್ರಂಥ. ಹರಿಹರನ ರಗಳೆಯ ಅಲ್ಲಮನ ಕಥೆಗೂ ಇಲ್ಲಿಯ ಅಲ್ಲಮನ ಕಥೆಗೂ ಬಹಳ ಅಂತರವಿದೆ. ಹಾಗಾಗಿ ಈ ಸಂವಾದಗಳು ಇದೇ ಊರಿನ ಇದೇ ಕಟ್ಟೆಯ ಮೇಲೆ ಅಕ್ಷರಶಃ ಹೀಗೆಯೇ ನಡೆದವು ಎಂದು ನಾನು ಹೇಳುವುದಿಲ್ಲ. ವಚನಗಳು ಅವರವು, ಅವನ್ನು ಮುಖಾಮುಖಿಯಾಗಿಸಿದವನು ಸಂಪಾದಕ. ಆದರೂ ಮುನ್ನೂರು ವರ್ಷಗಳ ನಂತರದ ಒಬ್ಬ ಓದುಗ, ಈ ಜನ ಒಬ್ಬರನ್ನೊಬ್ಬರು ಹೀಗೆ ಪ್ರಶ್ನಿಸಿರಬೇಕು ಎಂದು ನಂಬಿದನಲ್ಲ, ಅದೇ ಒಂದು ಐತಿಹಾಸಿಕ ಸಂಗತಿ. ವಚನಗಳ ದನಿಯೂ ಆ ನಂಬಿಕೆಗೆ ವಿರುದ್ಧವಾಗಿಲ್ಲ.

ಮೊದಲು ಸೊನ್ನಲಿಗೆಯ ಪ್ರಸಂಗ. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಸಿದ್ಧರಾಮ ಅಲ್ಲಿ ಕೆರೆ ಕಟ್ಟಿಸುತ್ತಿದ್ದ, ದೇವಾಲಯಗಳನ್ನು ಎಬ್ಬಿಸುತ್ತಿದ್ದ. ಅಲ್ಲಮ ಅಲ್ಲಿಗೆ ಹೋಗಿ, ಕೆರೆ ತೋಡುತ್ತಿದ್ದ ಕೆಲಸಗಾರರೆದುರು ಅವರ ಒಡೆಯನನ್ನು ಹಗುರವಾದ ಹೆಸರಿನಿಂದ ಕರೆದು ವಿಚಾರಿಸುತ್ತಾನೆ. ಅವರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಸಿದ್ಧರಾಮನೂ ಕೆರಳಿ ಬರುತ್ತಾನೆ. ನಿಜ ಹೇಳಬೇಕೆಂದರೆ ಈ ಪ್ರಸಂಗದ ಆರಂಭ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಬಿಸಿಲಿನಲ್ಲಿ ಮಣ್ಣು ಹೊರುವವರ ಮುಂದೆ ಅವರು ನಂಬಿದವನನ್ನು ಹಂಗಿಸಿದರೆ ಕಲ್ಲು ಬರುವುದು ಸಹಜ. ಟೀಕೆಯಲ್ಲಿ ಹುರುಳಿತ್ತು. ಕೆರೆ, ಗುಡಿಗಳ ಪುಣ್ಯದ ಲೆಕ್ಕದಲ್ಲಿ ಸಾಧಕ ತನ್ನನ್ನೇ ಮರೆಯಬಾರದು ಎಂಬುದು ಅದರ ತಿರುಳು. ಹೇಳಿದ ಬಗೆ ಮಾತ್ರ ಒರಟು.

ಆದರೆ ಮುಂದೆ ಏನಾಯಿತೆಂಬುದನ್ನು ನೋಡಿರಿ. ಅಲ್ಲಮ ಹೇಳಿ ಹೊರಟುಹೋಗಲಿಲ್ಲ. ಸಿದ್ಧರಾಮನ ಸಿಟ್ಟಿಗೆ, ಪ್ರಶ್ನೆಗಳಿಗೆ, ಮರುಪ್ರಶ್ನೆಗಳಿಗೆ ಉತ್ತರ ಕೊಡುತ್ತ ಅಲ್ಲಿಯೇ ಉಳಿದ. ಅವನು ಒಪ್ಪಿದ ಮೇಲೆ ಅವನನ್ನು ಜೊತೆಗೆ ಕರೆದುಕೊಂಡು ಕಲ್ಯಾಣಕ್ಕೆ ಬಂದ. ಸೊಲ್ಲಾಪುರದಿಂದ ಇಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಈಗ ನಾವು ಬಸ್ಸಿನಲ್ಲಿ ಬಂದು ಸಸ್ತಾಪುರ ಬಂಗ್ಲಾದಲ್ಲಿ ಇಳಿದರೂ ಮೈಕೈ ನೋಯುತ್ತದೆ. ಆ ಕಾಲದಲ್ಲಿ ಎಷ್ಟು ದಿನ ನಡೆದಿರಬೇಕು! ಟೀಕಿಸಿದವನೂ ಟೀಕೆಗೆ ಒಳಗಾದವನೂ ಒಂದೇ ದಾರಿಯಲ್ಲಿ ಜೊತೆಯಾಗಿ ಬಂದರೆಂಬುದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಬ್ಬರೂ ಬಸವಣ್ಣನ ಮನೆಯ ಬಾಗಿಲಿಗೆ ಬರುತ್ತಾರೆ. ಬಸವಣ್ಣ ಒಳಗೆ ಲಿಂಗಪೂಜೆಯಲ್ಲಿದ್ದಾನೆ. ಎದ್ದು ಬರದೆ, ಒಳಗೆ ಕರೆದುತರುವಂತೆ ಹಡಪದ ಅಪ್ಪಣ್ಣನನ್ನು ಕಳಿಸುತ್ತಾನೆ. ಅಲ್ಲಮ ಕದಲುವುದಿಲ್ಲ. ಬಾಗಿಲಿಗೆ ಬಂದ ಜಂಗಮವನ್ನು ಆಳಿನ ಮೂಲಕ ಕರೆಯುವವನ ಭಕ್ತಿ ಎಂಥದ್ದು ಎಂದು ಅವನ ಆಕ್ಷೇಪ. ಬಸವಣ್ಣನೆಂದರೆ ಯಾರು? ಬಿಜ್ಜಳನ ಭಂಡಾರಿ, ಕಲ್ಯಾಣದ ಶರಣರಿಗೆಲ್ಲ ಆಸರೆಯಾದವನು. ಅಂಥವನನ್ನು ಅವನದೇ ಮನೆಯ ಬಾಗಿಲಲ್ಲಿ, ಅವನ ಅನ್ನ ಉಣ್ಣುವವರೆದುರು ತಪ್ಪುಗಾರನನ್ನಾಗಿ ನಿಲ್ಲಿಸಲಾಗುತ್ತದೆ. ಒಳಗೆ ಚೆನ್ನಬಸವಣ್ಣನೂ ಅದನ್ನೇ ಹೇಳುತ್ತಾನೆ. ಅವನು ಬಸವಣ್ಣನ ಅಕ್ಕ ನಾಗಮ್ಮನ ಮಗ, ವಯಸ್ಸಿನಲ್ಲಿ ತೀರ ಚಿಕ್ಕವನು. ನಮ್ಮ ಮನೆಗಳಲ್ಲಿ ಸೋದರಳಿಯ ಮಾವನಿಗೆ ನಾಲ್ಕು ಜನರ ಮುಂದೆ 'ನಿಮ್ಮದು ತಪ್ಪು' ಎಂದರೆ ಏನಾಗುತ್ತದೆಂದು ನಿಮಗೆ ಗೊತ್ತಿದೆ!

ಬಸವಣ್ಣ ಪೂಜೆ ಬಿಟ್ಟು ಹೊರಗೆ ಬಂದು ಕಾಲಿಗೆರಗುತ್ತಾನೆ. ನೆಪ ಹೇಳಬಹುದಿತ್ತು. ಪೂಜೆಯಲ್ಲಿದ್ದೆ ಎಂಬುದಕ್ಕಿಂತ ಒಳ್ಳೆಯ ನೆಪ ಯಾರಿಗೆ ಸಿಕ್ಕೀತು? ಅವನು ಅದನ್ನು ಬಳಸಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವ, ತನ್ನನ್ನು ತಾನೇ ಕಿರಿಯನೆಂದು ಕರೆದುಕೊಳ್ಳುವ ಬಸವಣ್ಣನ ವಚನಗಳು ಎಷ್ಟಿವೆಯೆಂದರೆ, ಸಂಪಾದಕನಿಗೆ ಇಲ್ಲಿ ಇಡಲು ವಚನ ಹುಡುಕುವ ಕಷ್ಟವೇ ಬಂದಿರಲಾರದು.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಪ್ರಸಂಗ ನಿಮಗೆಲ್ಲ ಪಾಠವಾಗಿಯೇ ಗೊತ್ತು. ಕಿನ್ನರಿ ಬೊಮ್ಮಯ್ಯ ಮೊದಲು ಪರೀಕ್ಷಿಸುತ್ತಾನೆ. ಆಮೇಲೆ ಸಭೆಯಲ್ಲಿ ಅಲ್ಲಮ, ನಿನ್ನ ಪತಿ ಯಾರು, ದೇಹದ ಹಂಗು ತೊರೆದವಳಿಗೆ ಕೂದಲಿನ ಮರೆ ಏತಕ್ಕೆ ಎಂದೆಲ್ಲ ಕೇಳುತ್ತಾನೆ. ಒಂಟಿಯಾಗಿ ಬಂದ ಎಳೆಯ ಹೆಣ್ಣುಮಗಳಿಗೆ ಕೇಳುವ ಪ್ರಶ್ನೆಗಳೇ ಇವು ಎಂದು ಒಮ್ಮೆ ಒಬ್ಬ ವಿದ್ಯಾರ್ಥಿನಿ ತರಗತಿಯಲ್ಲಿಯೇ ನನ್ನನ್ನು ಕೇಳಿದ್ದಳು. ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತಂದಿರಲಿಲ್ಲ. ಇಂದು ನನ್ನ ಗಮನಕ್ಕೆ ಬರುವುದು ಬೇರೊಂದು. ಅಲ್ಲಮ ಯಾವ ಸಭೆಯಲ್ಲಿ ಪ್ರಶ್ನಿಸಿದನೋ ಅದೇ ಸಭೆಯಲ್ಲಿ, ಅದೇ ಬಾಯಿಯಿಂದ, ಅವಳ ಹಿರಿಮೆಯನ್ನು ಒಪ್ಪಿಕೊಂಡ. ನಾವು ಮೇಷ್ಟ್ರುಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಬೈಯುವುದು ತರಗತಿಯಲ್ಲಿ, ಸಮಾಧಾನ ಹೇಳುವುದು ವರಾಂಡದಲ್ಲಿ.

ಅಲ್ಲಮನನ್ನು ತಿದ್ದಿದವರೂ ಇದ್ದಾರೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿದ್ದ ಮುಕ್ತಾಯಕ್ಕನಿಗೆ ಅವನು ತತ್ತ್ವ ಹೇಳಹೊರಟಾಗ, ಮಾತಿಗೆ ಮೀರಿದ್ದನ್ನು ತಿಳಿದವನು ಇಷ್ಟೊಂದು ಮಾತನಾಡುವನೆ ಎಂಬ ಧಾಟಿಯಲ್ಲಿ ಅವಳು ಕೇಳುತ್ತಾಳೆ. ತನ್ನ ಅಣ್ಣ ಅರಿವನ್ನು ಬಾಯಿಬಿಡದೆ ನುಂಗಿಕೊಂಡಿದ್ದ ಎಂದು ತೋರಿಸಿಕೊಡುತ್ತಾಳೆ. ಅಲ್ಲಮ ಸಿಡುಕುವುದಿಲ್ಲ, ಉತ್ತರಿಸುತ್ತಾನೆ. ಶೂನ್ಯಸಂಪಾದನೆಯ ಉದ್ದಕ್ಕೂ ಪ್ರಶ್ನಿಸುವ ಅಧಿಕಾರ ಒಬ್ಬನ ಸ್ವತ್ತಾಗದಿರುವುದು ಇಂಥ ಕಡೆಗಳಲ್ಲಿ ಸ್ಪಷ್ಟವಾಗುತ್ತದೆ.

ನನಗೆ ಅತ್ಯಂತ ಪ್ರಿಯವಾದವರು ಆಯ್ದಕ್ಕಿ ದಂಪತಿಗಳು. ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವವನು. ಒಂದು ದಿನ ಅಲ್ಲಮನ ಅನುಭಾವದ ಮಾತು ಕೇಳುತ್ತ ಕುಳಿತು ಕಾಯಕವನ್ನೇ ಮರೆತ. ಲಕ್ಕಮ್ಮ ಬಂದು ಎಬ್ಬಿಸಿದಳು. ಅವನು ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವಳು ಅಷ್ಟಕ್ಕೂ ಸುಮ್ಮನಿರಲಿಲ್ಲ. ಈ ಹೆಚ್ಚಿನ ಆಸೆ ನಿನ್ನದೋ, ಬಸವಣ್ಣ ನಿನ್ನನ್ನು ಪರೀಕ್ಷಿಸಲು ಚೆಲ್ಲಿಸಿದ್ದೋ ಎಂದು ಕೇಳಿ, ಹೆಚ್ಚಾದದ್ದನ್ನು ಹಿಂದಿರುಗಿಸಿ ಬಾ ಎಂದಳು. ಅವನು ಹಿಂದಿರುಗಿಸಿ ಬಂದ.

ಇಲ್ಲಿ ನಾನು ಮೂವತ್ತು ವರ್ಷ ಪಾಠ ಮಾಡಿಯೂ ಗಮನಿಸದೆ ಹೋದ ಒಂದು ಅಂಶವಿದೆ. ಲಕ್ಕಮ್ಮನ ಅಂಕಿತ ಯಾವುದು? ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಆಸೆಯನ್ನು ಖಂಡಿಸುವ ವಚನವೂ ಕೊನೆಗೆ 'ಮಾರಯ್ಯಪ್ರಿಯ' ಎಂಬ ಹೆಸರಿನಲ್ಲಿಯೇ ಮುಗಿಯುತ್ತದೆ. ಎಷ್ಟು ಕಟುವಾಗಿ ಹೇಳಿದರೂ, ಹೇಳಿಸಿಕೊಂಡವನ ಹೆಸರನ್ನು ಪ್ರೀತಿಯಿಂದ ಉಚ್ಚರಿಸದೆ ಅವಳು ಮಾತು ಮುಗಿಸುವಂತಿಲ್ಲ. ವಚನದಲ್ಲಿ ಅಂಕಿತವೆಂದರೆ ಸಹಿ. ಅಂಕಿತ ಹಾಕಿದವನು 'ಇದನ್ನು ಹೇಳಿದವನು ನಾನು, ಬಂದು ಕೇಳು' ಎಂದಂತೆ. ಹೆಸರಿಲ್ಲದ ಚೀಟಿ ಅಂಟಿಸಿ ಓಡಿಹೋಗುವ ಟೀಕೆಗೆ ಆ ರಚನೆಯಲ್ಲಿಯೇ ಸ್ಥಳವಿಲ್ಲ.

ಹುಮನಾಬಾದಿನವರು ಮುನಿಸಿಕೊಳ್ಳಬಾರದು, ನಿಮ್ಮ ತಾಲ್ಲೂಕಿನದೂ ಒಂದು ಜೋಡಿಯಿದೆ. ಮೋಳಕೇರಾದ ಗವಿಯನ್ನು ಮೋಳಿಗೆಯ ಮಾರಯ್ಯನ ಸ್ಥಳವೆಂದು ನಮ್ಮ ಭಾಗದ ಜನ ನಂಬಿಕೊಂಡು ಬಂದಿದ್ದಾರೆ. ಕಾಶ್ಮೀರದ ಅರಸುತನ ಬಿಟ್ಟು ಬಂದು ಕಟ್ಟಿಗೆ ಮಾರಿ ಬದುಕಿದನೆಂಬುದು ಅವನ ಬಗೆಗಿನ ಐತಿಹ್ಯ. ಅವನು ಐಕ್ಯಪದಕ್ಕಾಗಿ ಹಂಬಲಿಸತೊಡಗಿದಾಗ ಹೆಂಡತಿ ಮಹಾದೇವಿ, ಇರುವ ನೆಲೆಯನ್ನು ಬಿಟ್ಟು ಬೇರೊಂದು ಕಡೆ ಕೂಡುವ ಠಾವು ಉಂಟೆ ಎಂದು ಅವನನ್ನು ಎಚ್ಚರಿಸುತ್ತಾಳೆ. ಅವಳ ಅಂಕಿತದಲ್ಲಿಯೂ 'ಎನ್ನಯ್ಯಪ್ರಿಯ' ಎಂಬ ಮಾತು ಸೇರಿಕೊಂಡಿದೆ. ಎರಡು ಮನೆ, ಎರಡು ಅಂಕಿತ, ಒಂದೇ ರೀತಿ. ಇದು ಆಕಸ್ಮಿಕವಿರಲಾರದು ಎಂದು ನನಗನ್ನಿಸುತ್ತದೆ.

ಇದೆಲ್ಲ ಹೆಚ್ಚು ಕಾಲ ನಡೆಯಲಿಲ್ಲವೆಂಬುದೂ ನಿಮಗೆ ಗೊತ್ತು. ಹರಳಯ್ಯ ಮತ್ತು ಮಧುವರಸರ ಮನೆಗಳ ನಡುವಿನ ಮದುವೆ, ಅದಕ್ಕೆ ಅರಮನೆ ಕೊಟ್ಟ ಘೋರ ಶಿಕ್ಷೆ, ಬಿಜ್ಜಳನ ಅಂತ್ಯ, ಶರಣರು ಚದುರಿಹೋದದ್ದು, ಎಲ್ಲವೂ 1167ರ ಆಸುಪಾಸಿನಲ್ಲಿ ಮುಗಿದವು. ಪ್ರಶ್ನೆಗೆ ಪ್ರಶ್ನೆಯಿಂದ ಉತ್ತರಿಸುತ್ತಿದ್ದ ಊರಿನಲ್ಲಿ ಅರಮನೆ ಉತ್ತರಿಸಿದ್ದು ಶಿಕ್ಷೆಯಿಂದ.

ಶೂನ್ಯಸಂಪಾದನೆಯೂ ತಿದ್ದುಪಡಿಯಿಂದ ತಪ್ಪಿಸಿಕೊಳ್ಳಲಿಲ್ಲ. ಮಹದೇವಯ್ಯನ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣೊಡೆಯ ಹೀಗೆ ಮೂವರು ಅದನ್ನು ಮತ್ತೆ ಸಂಪಾದಿಸಿದರು. ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗ ಮೊದಲಿನ ಗ್ರಂಥದಲ್ಲಿಲ್ಲ, ನಂತರದವರಲ್ಲಿ ಸೇರಿಕೊಂಡಿತು. ಸಣ್ಣ ಭಿನ್ನಾಭಿಪ್ರಾಯವಲ್ಲ ಅದು. ಆದರೆ ಹಿಂದಿನವನ ಗ್ರಂಥವನ್ನು ಹರಿದೊಗೆಯದೆ, ಅವನು ನೇಯ್ದದ್ದನ್ನು ಉಳಿಸಿಕೊಂಡೇ ತಮಗೆ ಬೇಕಾದದ್ದನ್ನು ಸೇರಿಸಿದರು. ಆದ್ದರಿಂದಲೇ ಇಂದು ಅವನ್ನು ಪಕ್ಕಪಕ್ಕದಲ್ಲಿಟ್ಟು, ಯಾರು ಎಲ್ಲಿ ಏನನ್ನು ಒಪ್ಪಲಿಲ್ಲವೆಂದು ನೋಡಲು ಸಾಧ್ಯ. ಕೆಂಪು ಗೆರೆಯ ಕೆಳಗಿನ ಅಕ್ಷರಗಳೂ ಓದಲು ಬರುವಂತೆ ತಿದ್ದಿದರು ಎನ್ನಬಹುದು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿಕೊಂಡು ಊರೂರು ಅಲೆಯದಿದ್ದರೆ ನಮಗೆ ಇದಾವುದೂ ದಕ್ಕುತ್ತಿರಲಿಲ್ಲ. ಅವರ ಕಥೆಯನ್ನು ಇನ್ನೊಮ್ಮೆ ಬರೆಯುವೆ.

ನಾನು 'ಇದು ಕನ್ನಡವಲ್ಲ' ಎಂದು ಬರೆದದ್ದಕ್ಕೆ ಮರಳುತ್ತೇನೆ. ನಮ್ಮ ಸೀಮೆ 1948ರವರೆಗೆ ನಿಜಾಮನ ಆಡಳಿತದಲ್ಲಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ನಾನು ನಿಮಗೆ ಪ್ರತಿ ನವೆಂಬರಿನಲ್ಲಿಯೂ ಹೇಳುತ್ತಿದ್ದೆ. ಹೇಳುವಾಗ ಗಂಟಲು ಕಟ್ಟುತ್ತಿತ್ತು. ಅಷ್ಟು ಕಷ್ಟದಿಂದ ಉಳಿಸಿಕೊಂಡ ಕನ್ನಡವನ್ನು, ಅದೇ ಜಿಲ್ಲೆಯ ಹುಡುಗ ತನ್ನ ತಾಯಿಯ ಬಾಯಿಂದ ಕೇಳಿದಂತೆ ಬರೆದಾಗ ನಾನು ಕನ್ನಡವಲ್ಲವೆಂದೆ. ನಮ್ಮ ಮನೆಯಲ್ಲಿ ನನ್ನ ಅವ್ವ ಆಡುತ್ತಿದ್ದುದೂ ಅದೇ ಮಾತು. ಬಿ.ಎಡ್. ಓದುವಾಗ ಬೇರೆ ಕಡೆಯ ಸಹಪಾಠಿಗಳು ನನ್ನ ಮಾತಿಗೆ ನಕ್ಕದ್ದನ್ನು ನಾನು ಮರೆತಿರಲಿಲ್ಲ. ಆ ನಗುವನ್ನೇ ಹತ್ತು ವರ್ಷ ಕಾಪಿಟ್ಟುಕೊಂಡು ಅವನಿಗೆ ದಾಟಿಸಿದೆನೇನೋ. ವಚನಕಾರರು ತಮ್ಮ ತಮ್ಮ ಕಾಯಕದ ಮಾತಿನಲ್ಲಿ ಬರೆದರೆಂದು ಮರುದಿನವೇ ಪಾಠ ಮಾಡಿದ್ದೆ ಬೇರೆ!

ಈ ಲೇಖನವನ್ನು ಬರೆಯುತ್ತ ಕುಳಿತಿದ್ದಾಗ ನಮ್ಮ ಮನೆಯವರು ಬಂದು ನೋಡಿ, "ಆ ಹುಡುಗ ಕೊಟ್ಟದ್ದು ಓದೂದ್ ಬಿಟ್ಟು ಇದೇನ್ ಬರೀಲತ್ತೀರಿ? ಮೊದಲ ಅವನ ಪದ್ಯ ಓದ್ರಿ" ಎಂದರು. ಅಕ್ಕಿ ಆಯುವ ಕೆಲಸ ಮರೆತವನಿಗೆ ಲಕ್ಕಮ್ಮ ಹೇಳಿದಂತೆಯೇ ಆಯಿತು. ಲೇಖನವನ್ನು ಅಲ್ಲಿಗೇ ನಿಲ್ಲಿಸಿ ನಾಲ್ಕು ದಿನ ಹಸ್ತಪ್ರತಿ ಓದಿದೆ. ಮುಗಿಸಿ ಈಗ ಮತ್ತೆ ಬರೆಯುತ್ತಿದ್ದೇನೆ.

ಕವಿತೆಗಳು ಚೆನ್ನಾಗಿವೆ. ಎಲ್ಲವೂ ಅಲ್ಲ. ಹತ್ತಕ್ಕೂ ಹೆಚ್ಚು ಕವಿತೆಗಳನ್ನು ಬಿಡಬಹುದೆಂದು ನನ್ನ ಅಭಿಪ್ರಾಯ. ಏಕೆಂದು ಪ್ರತಿಯೊಂದರ ಎದುರಿಗೂ ಪೆನ್ಸಿಲ್ಲಿನಲ್ಲಿ ಬರೆದು ಕೆಳಗೆ ಸಹಿ ಮಾಡಿದ್ದೇನೆ. ಅವನು ಒಪ್ಪದಿದ್ದರೆ ಅಳಿಸಬಹುದು. ಮೂವತ್ತೆಂಟನೆಯ ಪುಟದಲ್ಲಿ ಆ ಮಳೆಯ ಪದ್ಯ ಇದೆ. ನಾನು ಬಹಳ ಹೊತ್ತು ಆ ಪುಟದಲ್ಲಿಯೇ ಇದ್ದೆ. 'ಮಳಿ ಬರ್ಲತ್ತದ' ಎಂಬುದು ಅಲ್ಲಿ ಇಲ್ಲ. 'ಮಳೆ ಬರುತ್ತಿದೆ' ಎಂದಾಗಿದೆ. ಕೊನೆಯವರೆಗೂ ಹಾಗೆಯೇ, ಶುದ್ಧವಾಗಿ, ವ್ಯಾಕರಣಬದ್ಧವಾಗಿ, ನಾನು ಅಂದು ಬಯಸಿದ್ದಂತೆಯೇ ತಿದ್ದಲ್ಪಟ್ಟಿದೆ.

ಅದರ ಎದುರಿಗೆ ಇನ್ನೂ ಏನನ್ನೂ ಬರೆದಿಲ್ಲ. ಅವನಿಗೆ ಫೋನು ಮಾಡಿ ಹಳೆಯ ನೋಟುಬುಕ್ಕು ಇದೆಯೇ ಎಂದು ಕೇಳಿದೆ. "ಅವ್ವನ ಸಂದೂಕದಾಗ ಇರಬಹುದು ಸರ, ಹುಡುಕ್ತೀನಿ" ಎಂದ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೊರಟಿದ್ದೇನೆ. ಅವನ ತರಗತಿಯವರು ಯಾರಾದರೂ ಊರಲ್ಲಿದ್ದರೆ ನೀವೂ ಬನ್ನಿರಿ. ಆ ಪದ್ಯವನ್ನು ಈ ಸಲ ಅವನೇ ಓದುತ್ತಾನೆ.